ಹಗೇವಿನ ಮೇಲಿನ ಕೋಳಿಗೂಡು

ಚೊಚ್ಚಲ ಬಸಿರಿನ ದಿನಗಳದ್ದು ಏನು ನೆನಪಿದೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಕಲ್ಲು ಹೊತ್ತದ್ದು ನೆನಪಿದೆ ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ, ಹೊತ್ತವಳು ನಾನು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತವರು ಕೊಲ್ಹಾರ. ಕೊಟ್ಟದ್ದು ಸಿಂದಗಿ ತಾಲೂಕಿನ ದೇವಣಗಾಂವಿಗೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವ್ವ ತೀರಿಕೊಂಡು ವರ್ಷವಾಗಿತ್ತು, ಅಪ್ಪನ ಮನೆಯಲ್ಲಿ ಬಾಣಂತನ ಮಾಡುವ ಹೆಂಗಸೇ ಇರಲಿಲ್ಲ. ಹೀಗಾಗಿ ಹೆರಿಗೆ ಅತ್ತೆಯ ಮನೆಯಲ್ಲೇ ಎಂದಾಯಿತು. ಅತ್ತೆಗೆ ಮಾತೂ ಬಿರುಸು, ಕೈಯೂ ಬಿರುಸು. ಬಾಣಂತಿಗೆ ಕೋಳಿಸಾರು ಬೇಕಲ್ಲ ಎಂದು ಹಿತ್ತಲಲ್ಲಿ ಏಳು ಕೋಳಿಗಳನ್ನು ಬೇರೆ ಮಾಡಿ ಇಟ್ಟಿದ್ದರು.

"ಇವು ನಿನ್ನ ಕೋಳಿ. ಮನ್ಯಾಗ ಯಾರೂ ಮುಟ್ಟಂಗಿಲ್ಲ" ಎಂದಿದ್ದರು. ಆ ಮನೆಯಲ್ಲಿ ಯಾವುದನ್ನಾದರೂ ನನ್ನದು ಅಂತ ಯಾರಾದರೂ ಹೇಳಿದ್ದು ಅದೇ ಮೊದಲು. ನನಗೆ ಆ ಕೋಳಿಗಳ ಮೇಲೆ ಒಮ್ಮೆಲೇ ಜೀವ ಬಂತು.

ಹಿತ್ತಲಲ್ಲಿ ಒಂದು ಹಳೆಯ ಹಗೇವು ಇತ್ತು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿಸಿದ ಕುಣಿ. ಭೀಮಾ ನದಿಯ ತೇವ ಏರಿ ಕಾಳು ಕೆಡತೊಡಗಿದ ಮೇಲೆ ಅದನ್ನು ಬಿಟ್ಟುಬಿಟ್ಟಿದ್ದರು. ಬೂದಿ, ಕಸ ಬಿದ್ದು ಮುಕ್ಕಾಲು ತುಂಬಿಹೋಗಿತ್ತು. ಬಾಯಿಗೆ ಮಾತ್ರ ದೊಡ್ಡ ಹಾಸುಗಲ್ಲು ಮುಚ್ಚಿತ್ತು. ಅತ್ತೆ ಆ ಕಲ್ಲಿನ ಮೇಲೇ ಕೋಳಿಗೂಡು ಇಡಿಸಿ, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದರು. "ಕೆಳಗ ಕಲ್ಲೈತಿ. ಕಲ್ಲು ಕೆದರಿ ಬರೋ ಪ್ರಾಣಿ ಇನ್ನಾ ಹುಟ್ಟಿಲ್ಲ" ಎಂಬುದು ಅವರ ಲೆಕ್ಕಾಚಾರ. ನಮಗೂ ಸರಿ ಎನಿಸಿತು.

ಒಂದು ಮಧ್ಯಾಹ್ನ ಜೋಳದ ಹೊಲದಲ್ಲಿ ಕಳೆ ತೆಗೆದು ಬಂದರೆ ಬೇಲಿಯ ಬುಡದಲ್ಲಿ ತೂತು, ಒಳಗೆ ಒಂದು ಕೋಳಿಯ ಬರೀ ಪುಕ್ಕ. ತೂತು ಮುಚ್ಚಿದೆವು. ನಾಲ್ಕು ದಿನ ಬಿಟ್ಟು ಇನ್ನೊಂದು ತೂತು, ಇನ್ನೊಂದು ಕೋಳಿ. ನಾಯಿ ಎಂದರು ಅತ್ತೆ. ನರಿ ಎಂದರು ನನ್ನ ಗಂಡ. ಯಾವುದೇ ಆಗಲಿ, ಬೇಲಿಯ ಬುಡಕ್ಕೆ ಮೊಳದಾಳ ಅಗೆದು ಕಲ್ಲು ತುಂಬಬೇಕೆಂದು ಅತ್ತೆ ತೀರ್ಮಾನಿಸಿದರು. ಗಂಡ ಅಗೆದರು, ಅತ್ತೆ ಕೂರಿಸಿದರು. ಹಿತ್ತಲಿನ ಬಿದ್ದ ಗೋಡೆಯ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ತರುವ ಕೆಲಸ ನನ್ನದು. ಕಾಲು ಬಾತು ಕಾಲುಂಗುರ ಕಚ್ಚುತ್ತಿತ್ತು. ಬೆಳಗ್ಗೆ ರೊಟ್ಟಿ ಬಡಿ, ಹೊಲಕ್ಕೆ ಹೋಗು, ಬಂದು ಕಲ್ಲು ಹೊರು. ನೆಲದ ಮೇಲೆ ಕೂತರೆ ಮತ್ತೆ ಏಳುವುದೇ ದೊಡ್ಡ ಕೆಲಸ. ಸಾಕಾಗಿತ್ತು ನನಗೆ. ಒಮ್ಮೊಮ್ಮೆ ಆ ಕಳ್ಳ ಎಲ್ಲ ಕೋಳಿಗಳನ್ನೂ ಒಂದೇ ಸಲ ಹೊತ್ತುಕೊಂಡು ಹೋದರೆ ನಾನಾದರೂ ಮಲಗಬಹುದು ಎನಿಸುತ್ತಿತ್ತು. ಆದರೆ ಅವು ಹೋದರೆ ನನ್ನ ಬಾಣಂತನಕ್ಕೆ ಏನು ಉಳಿಯುತ್ತದೆ? ಕೇಳಲು ಅವ್ವ ಇಲ್ಲ. ಮತ್ತೆ ಬುಟ್ಟಿ ಎತ್ತುತ್ತಿದ್ದೆ.

ಸುತ್ತಲೂ ಕಲ್ಲು ತುಂಬಿ ಮುಗಿಯಿತು. ಮರುದಿನವೇ ಮತ್ತೊಂದು ಕೋಳಿ ಸತ್ತಿತ್ತು, ಬೇಲಿಯ ಬುಡದಲ್ಲಿ ಒಂದೇ ಒಂದು ತೂತಿರಲಿಲ್ಲ. ಅತ್ತೆ ಗೂಡನ್ನು ಸರಿಸಿ ನೋಡಿದರು. ಹಾಸುಗಲ್ಲಿನ ಅಂಚಿನಲ್ಲಿ ಮುಷ್ಟಿಯಷ್ಟು ಸಂದು, ಹೊಸ ಮಣ್ಣು, ಮಣ್ಣಿಗಂಟಿದ ಪುಕ್ಕ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ನಮ್ಮ ಕಥೆ. ಬೇಲಿಯ ತೂತುಗಳು ಕಳ್ಳ ಒಳಗಿನಿಂದ ಹೊರಗೆ ಹೋಗಲು ಕೆದರಿದವು; ಅವನನ್ನು ಒಳಗಿಟ್ಟು ನಾವು ಹೊರಗಿನಿಂದ ಕೋಟೆ ಕಟ್ಟಿದ್ದೆವು.

ಗಂಡ ಹಾರೆ ಹಾಕಿ ಕಲ್ಲು ಮೀಟಿದರು. ಕೆಳಗೆ ಬೂದಿಯ ಮೇಲೆ ಒಂದು ಮುಂಗುಸಿ, ಮೈಕೂದಲು ನಿಮಿರಿಸಿಕೊಂಡು ಹಲ್ಲು ತೋರಿಸುತ್ತಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಮರಿಗಳು. ಗಂಡ ಹಾರೆ ಎತ್ತಿದರು.

"ಕೆಳಗಿಡು" ಎಂದರು ಅತ್ತೆ. "ಬಾಣಂತಿ ಐತಿ ಅದು."

"ಕೋಳಿ ತಿಂದೈತಬೇ!"

"ತಿನ್ನದ ಏನ್ ಮಾಡತೈತಿ? ಹಾಲು ಎಲ್ಲಿಂದ ಬರಬೇಕು?"

ಆ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ತಿರುಗಿ ನೋಡಿದೆ. ಎರಡು ವರ್ಷ ಅವರ ಕೈಕೆಳಗೆ ದುಡಿದಿದ್ದೆ, ಅಂಥ ದನಿ ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಳಿ ತಿಂದ ಮುಂಗುಸಿಗೆ ಮರುಕ, ಬಸುರಿ ಕಲ್ಲು ಹೊತ್ತರೆ ಒಂದು ಮಾತಿಲ್ಲ. ಕಲ್ಲನ್ನು ಮೊದಲಿನಂತೆ ಮುಚ್ಚಿದರು. ಉಳಿದ ಕೋಳಿಗಳನ್ನು ನಾನು ಹೆರಬೇಕಿದ್ದ ಕೋಣೆಗೆ ತಂದು, ಬುಟ್ಟಿಯಲ್ಲಿ ಹಾಕಿ ಹೊರಸಿನ ಕೆಳಗಿಟ್ಟರು. ಕೋಣೆಯೆಲ್ಲ ಹಿಕ್ಕೆಯ ವಾಸನೆ.

ಮಗಳು ಹುಟ್ಟಿದಳು. ಮೈಯಲ್ಲಿ ಒಂದು ಹನಿ ಶಕ್ತಿಯಿರಲಿಲ್ಲ. ಕೋಳಿ ಕೊಯ್ಯಿಸಿದ ದಿನ ಸಾರಿನ ವಾಸನೆಗೆ ಬಾಯಲ್ಲಿ ನೀರೂರಿ, ಬಾಗಿಲನ್ನೇ ನೋಡುತ್ತ ಮಲಗಿದ್ದೆ. ಅತ್ತೆ ಬಟ್ಟಲು ಹಿಡಿದು ನನ್ನ ಬಾಗಿಲು ದಾಟಿ ಹಿತ್ತಲಿಗೆ ಹೋದರು. ಕರುಳು, ಚರ್ಮ, ಕಾಲುಗಳನ್ನು ಆ ಸಂದಿನ ಬಳಿ ಸುರಿದು, ಕೈ ತೊಳೆದು, ಆಮೇಲೆ ನನ್ನ ಸಾರು ತಂದರು.

ಅಷ್ಟು ದಿನ ನುಂಗಿಕೊಂಡದ್ದು ಬಾಯಿಗೆ ಬಂತು. "ಮೊದಲ ಅದಕ್ಯಾಕ್ರಿ? ನಾ ಹಡದಾಕಿ ಅಲ್ಲೇನ್ರಿ?" ಎಂದೆ. ಅಳು ಬಂದಿತ್ತು.

ಅತ್ತೆ ಹೊರಸಿನ ಅಂಚಿಗೆ ಕೂತರು. ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ, ಕಲಸಿ, ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದರು.

"ನಿನಗ ನಾ ಅದೇನಿ" ಎಂದರು. "ಅದಕ್ಕ ಯಾರದಾರ?"

ಬಾಯಿ ತೆರೆದೆ. ಸಾರಿಗೆ ಮೆಣಸು ಜಾಸ್ತಿಯಾಗಿತ್ತು. ಮುಂದಿನ ತುತ್ತಿಗೂ ಬಾಯಿ ತೆರೆದೆ.