ಗಂಗಾದೇವಿ ಸಮುದ್ರ ನೋಡಿದ್ದು

ಖಾನಾಪುರದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆಲ್ಲ ಗೋವಾದ ಸಮುದ್ರ ಸಿಗುತ್ತದೆ. ಆದರೂ ಆ ಊರಲ್ಲೇ ಹುಟ್ಟಿ ಬೆಳೆದ ಗಂಗಾದೇವಿ ಮೂವತ್ತು ದಾಟುವವರೆಗೆ ಸಮುದ್ರದ ಮುಖ ಕಂಡಿರಲಿಲ್ಲ. ಅದಕ್ಕೆ ಅವಳ ಅಪ್ಪ ಗುರುಪುತ್ರಪ್ಪನೇ ಕಾರಣ. ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನ ಲೆಕ್ಕದಲ್ಲಿ ಗೋವಾಕ್ಕೆ ಹೋಗುವವರು ಎರಡೇ ತರ: ಕುಡಿಯಲು ಹೋಗುವವರು, ಕುಡಿದು ಬಿದ್ದವರನ್ನು ಎತ್ತಿಕೊಂಡು ಬರಲು ಹೋಗುವವರು. ಹೀಗಾಗಿ ಮಗಳು ಸಮುದ್ರ ನೋಡಲು ವಿಮಾನ ಹತ್ತಿ ಒಮಾನಿಗೇ ಹೋಗಬೇಕಾಯಿತು. ಹಣೆಬರಹಕ್ಕೆ ಹೊಣೆ ಯಾರು ಹೇಳಿ!

ಗಂಡ ಪ್ರಸಾದ ಬೆಳಗಾವಿಯ ಅನಗೋಳದವನು. ಊರಲ್ಲಿ ಒಂದು ಫೌಂಡ್ರಿಯಲ್ಲಿ ಲೇಥ್ ಮಷೀನು ನಡೆಸುತ್ತಿದ್ದ. ಈಗ ಒಮಾನಿನ ಸೋಹಾರ್ ಎಂಬ ಊರಿನ ಕಾರ್ಖಾನೆಯಲ್ಲಿ ಅದೇ ಕೆಲಸ. ಒಂದು ವರ್ಷ ಒಬ್ಬನೇ ಇದ್ದು, ಕೈಸುಟ್ಟುಕೊಂಡು ಬೇಯಿಸಿ ತಿಂದು ಬೇಸತ್ತ ಮೇಲೆ ಹೆಂಡತಿಯನ್ನೂ ಐದು ವರ್ಷದ ಮಗಳು ಸಮೃದ್ಧಿಯನ್ನೂ ಕರೆಸಿಕೊಂಡ.

ಬರುವಾಗ ವಿಮಾನ ನಿಲ್ದಾಣದಲ್ಲೇ ಒಂದು ರಗಳೆ ಆಗಿತ್ತು. ತಪಾಸಣೆಯವಳು ಗಂಗಾದೇವಿಯ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ತೆಗೆದು ಟ್ರೇಯಲ್ಲಿಡು ಎಂದಳು. ಕರಡಿಗೆಯೊಳಗೆ ಇಷ್ಟಲಿಂಗ! ಚಪ್ಪಲಿ ಇಟ್ಟ ಟ್ರೇಯಲ್ಲಿ ಲಿಂಗ ಇಡುವುದೇ? ಗಂಗಾದೇವಿ ಎಂಥ ಗಟ್ಟಿಗಿತ್ತಿ ಎಂದರೆ, ಹಿಂದೆ ನಿಂತ ಸಾಲು ಗೊಣಗಿದರೂ ಜಗ್ಗಲಿಲ್ಲ. ಕೊನೆಗೆ ಹಿರಿಯ ಅಧಿಕಾರಿ ಬಂದು, ಕರಡಿಗೆಯನ್ನು ಅವಳ ಅಂಗೈಯಲ್ಲೇ ತೆರೆಸಿ ನೋಡಿ ಕಳಿಸಿಕೊಟ್ಟ. ಈ ಕಥೆಯನ್ನು ಅವಳು ಫೋನಿನಲ್ಲಿ ಅಪ್ಪನಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ.

ಆ ಹಟಕ್ಕೆ ಬೇರು ಇತ್ತು. ಅವಳು ಚಿಕ್ಕವಳಿದ್ದಾಗ ಅವಳ ಅಜ್ಜಿ ಮಲಪ್ರಭಾ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಶಿವದಾರ ಹರಿದು ಲಿಂಗ ನೀರುಪಾಲಾಗಿತ್ತು. ಓಣಿಯ ಮಂದಿಯೆಲ್ಲ ಹೊಳೆಗಿಳಿದು ತಡಕಿದರು. ಗಂಗಾದೇವಿಯೂ ಪುಟ್ಟ ಕೈಯಿಂದ ಕೆಸರು ಕೆದಕಿದಳು. ಸಿಗಲಿಲ್ಲ. ಅಜ್ಜಿ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಒಂದು ಗುಟುಕು ನೀರೂ ಮುಟ್ಟಲಿಲ್ಲ. "ಲಿಂಗಾ ಹ್ವಾದ ಮ್ಯಾಲ ಈ ಜೀವಾ ಇಟ್ಕೊಂಡು ಏನ ಮಾಡ್ಲಿ?" ಎಂದಳಂತೆ. ಎರಡು ದಿನ ಬಿಟ್ಟು ಬೆಳಗಾವಿಯಿಂದ ಮನೆತನದ ಅಯ್ಯನವರಾದ ಕಲ್ಲಯ್ಯಸ್ವಾಮಿ ಬಂದು ಬೇರೆ ಲಿಂಗ ಕಟ್ಟಿದ ಮೇಲೆಯೇ ಆಕೆ ಗಂಜಿ ಕುಡಿದದ್ದು. ಅಷ್ಟರಲ್ಲಿ ಅಜ್ಜಿಯ ತುಟಿ ಒಡೆದು ರಕ್ತ ಒಸರಿದ್ದನ್ನು ಮೊಮ್ಮಗಳು ಕಣ್ಣಾರೆ ಕಂಡಿದ್ದಳು. ಆ ಹೆದರಿಕೆ ಅವಳ ಹೊಟ್ಟೆಯೊಳಗೆ ಹಾಗೇ ಉಳಿಯಿತು.

ಸೋಹಾರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಶುಕ್ರವಾರ ರಜೆ, ಸಮುದ್ರಕ್ಕೆ ಹೋಗುವುದೆಂದಾಯಿತು. ಗಂಗಾದೇವಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿ, ಮೊಸರು ಕಟ್ಟಿದಳು. ಹೊರಡುವಾಗ ಪ್ರಸಾದ ಬಾಯಿ ತೆರೆದ.

"ಗಂಗಾ, ಲಿಂಗಾ ಮನ್ಯಾಗ ಇಟ್ಟ ಬಾ. ಉಪ್ಪನೀರಾಗ ಆ ಹಳೇ ದಾರ ತಡೀತೈತೇನ?"

"ಮಷೀನಿಗೆ ಸಿಕ್ಕೀತು ಅಂತ ನೀವು ಬಿಚ್ಚಿಟ್ರಿ. ಇವತ್ತಿನ ತನಕ ನಿಮ್ಮ ಲಿಂಗಾ ಡಬ್ಬ್ಯಾಗ ಕುಂತೈತಿ. ನನಗ ಬುದ್ಧಿ ಹೇಳಾಕ ಬರಬ್ಯಾಡ್ರಿ!"

"ಆತವಾ ತಾಯಿ, ತಪ್ಪಾತು," ಎಂದು ಪ್ರಸಾದ ಕೈಮುಗಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರವೇನೂ ಅದಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಸರಿಬರುತ್ತಿರಲಿಲ್ಲ.

ಸಮುದ್ರ ಕಂಡೊಡನೆ ಸಮೃದ್ಧಿ "ಅಯ್ಯಯ್ಯ, ಎಷ್ಟ ನೀರು! ಆ ಕಡೀ ದಂಡೀನ ಇಲ್ಲಲ್ಲ ಪಪ್ಪಾ!" ಎಂದು ಕುಣಿಯತೊಡಗಿದಳು. ತಾಯಿ ಮಗಳ ಕೈಯನ್ನು ಗಟ್ಟಿ ಹಿಡಿದು ಪಾದ ಮುಳುಗುವಷ್ಟು ನೀರಿಗೆ ಇಳಿದಳು. "ಇನ್ನೊಂಚೂರು ಅವ್ವಾ, ಇನ್ನೊಂಚೂರು" ಎನ್ನುತ್ತ ಮಗಳು ಮೊಣಕಾಲಿನವರೆಗೆ ಎಳೆದೊಯ್ದಳು. ಪ್ರಸಾದ ದಂಡೆಯಲ್ಲಿ ನಿಂತು, ಮಾವನಿಗೆ ಕಳಿಸಲು ವಿಡಿಯೋ ಮಾಡತೊಡಗಿದ. "ಈ ಕಡೆ ತಿರಗ್ರಿ, ಇಬ್ಬರೂ ನಗ್ರಿ!" ಎಂದ.

ಇಬ್ಬರೂ ತಿರುಗಿದರು. ಹೊಳೆ ದಂಡೆಯಲ್ಲಿ ಬೆಳೆದವರ ತಪ್ಪು ಅದು. ಮಲಪ್ರಭೆಗೆ ಬೆನ್ನು ಮಾಡಿ ನೀವು ಎಷ್ಟು ಹೊತ್ತಾದರೂ ಹರಟೆ ಹೊಡೆಯಬಹುದು, ಹೊಳೆ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಸಮುದ್ರ ಹಾಗಲ್ಲ. ಹಿಂದಿನಿಂದ ಬಂದ ಅಲೆ ಗಂಗಾದೇವಿಯ ಸೊಂಟಕ್ಕೆ ಅಪ್ಪಳಿಸಿತು. ಅವಳು ಮುಗ್ಗರಿಸಿದಳು. ಕೊರಳಲ್ಲಿ ಏನೋ ಪಟಕ್ಕೆಂದಿತು. ಕರಡಿಗೆ ಎದೆಯ ಮೇಲಿಂದ ಜಾರಿ ನೊರೆಯತ್ತ ಹೋಗುವುದು ಕಾಣಿಸಿತು. ಅವಳು ಗಬಕ್ಕನೆ ಹಿಡಿದಳು.

ಎರಡೂ ಕೈಯಿಂದ ಹಿಡಿದಳು.

ಸಿಕ್ಕಿತಲ್ಲ ಎಂದು ಉಸಿರು ಬಿಟ್ಟು ತಿರುಗಿ ನೋಡಿದಳು. ಪಕ್ಕದಲ್ಲಿ ಮಗಳಿರಲಿಲ್ಲ. ಹಿಂದೆ ಸರಿಯುತ್ತಿದ್ದ ನೀರು ಕಾಲಕೆಳಗಿನ ಉಸುಕನ್ನೂ ಎಳೆದೊಯ್ಯುತ್ತಿತ್ತು. ಆಚೆ, ನೊರೆಯಲ್ಲಿ, ಕೆಂಪು ಫ್ರಾಕು ಒಂದು ಸಲ ಉಬ್ಬಿ ಮುಳುಗಿತು. ಪ್ರಸಾದ ಫೋನು ಎಸೆದು ಓಡಿ ಬಂದವನೇ ಬಿದ್ದು, ಎದ್ದು, ಫ್ರಾಕಿನ ಬೆನ್ನಿಗೆ ಕೈ ಹಾಕಿ ಮಗುವನ್ನು ಎತ್ತಿದ.

ದಂಡೆಗೆ ತಂದು ಬೋರಲು ಹಾಕಿ ಬೆನ್ನು ತಟ್ಟಿದಾಗ ಸಮೃದ್ಧಿ ನೀರು ಕಾರಿ, ಕೆಮ್ಮಿ, ದೊಡ್ಡ ದನಿ ತೆಗೆದು ಅತ್ತಳು. ಅಬ್ಬಾ, ಆ ಅಳು ಕೇಳಿ ಪ್ರಸಾದನೂ ಅತ್ತುಬಿಟ್ಟ. ಗಂಗಾದೇವಿ ಎದುರಿಗೆ ಕುಕ್ಕರಿಸಿದ್ದಳು. ಲಿಂಗ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಮಗಳು ಅಳುತ್ತಲೇ ಆ ಮುಷ್ಟಿಯನ್ನು ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

"ಅಲೀ ರಭಸಕ್ಕ ಕೈ ತಪ್ಪೇತಿ. ನಿಂದೇನ ತಪ್ಪು? ಅಳಬ್ಯಾಡ," ಎಂದು ಪ್ರಸಾದ ಹೆಂಡತಿಯ ಕಣ್ಣು ಒರೆಸಿದ.

ಅಲ್ಲ, ತಪ್ಪಲಿಲ್ಲ, ನಾನೇ ಬಿಟ್ಟೆ ಎಂದು ಅವಳು ಹೇಳಬೇಕಿತ್ತು. ಟ್ರೇಯಲ್ಲಿ ಇಡು ಎಂದವಳಿಗೆ ಎದುರು ನಿಂತ ಗಟ್ಟಿಗಿತ್ತಿ ಗಂಡನಿಗೆ ಒಂದು ಸತ್ಯ ಹೇಳಲಾರದೆ ಹೋದಳು. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಫೋನು ಒಣ ಉಸುಕಿನಲ್ಲಿ ಬಿದ್ದಿದ್ದರಿಂದ ಉಳಿದಿತ್ತು. ಪ್ರಸಾದ ತಡೆಯಲಾರದೆ ಮಾವನಿಗೆ ಹಚ್ಚಿ, ನಡೆದದ್ದನ್ನು ಹೇಳಿ, ಸ್ಪೀಕರಿಗೆ ಹಾಕಿ ಹೆಂಡತಿಯ ಮುಂದೆ ಹಿಡಿದ.

"ಕೂಸು ಹೆಂಗೈತಿ? ಮದ್ಲ ಅದನ್ನ ಹೇಳ್ರಿ," ಎಂದ ಗುರುಪುತ್ರಪ್ಪ.

"ಆರಾಮ ಐತ್ರಿ ಮಾವಾರ. ಗಂಗಾ ಲಿಂಗಾನೂ ಹೋಗಗೊಡ್ಲಿಲ್ರಿ."

ಅದಕ್ಕೆ ಅಪ್ಪ ಮಗಳಿಗೆ ಹೇಳಿದ: "ಲಿಂಗಾ ಹ್ವಾದ್ರ ಅಯ್ಯನವರು ಇನ್ನೊಂದು ಕಟ್ಟತಾರ ಮಗಳ. ನಿಮ್ಮಜ್ಜಿಗೆ ಕಟ್ಟಲಿಲ್ಲೇನ? ಕೂಸು ಹ್ವಾದ್ರ ಯಾರ ತಂದ ಕೊಡವರು? ಜ್ವಾಕಿ, ನಮ್ಮವ್ವಾ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಅಜ್ಜಿಗೆ ಬಂದ ಗತಿ ತನಗೂ ಬಂದೀತೆಂದು ಇಷ್ಟು ವರ್ಷ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡೇ ಬದುಕಿದ್ದಳು, ಅಪ್ಪ ನೋಡಿದರೆ ಇಷ್ಟು ಸರಳವಾಗಿ ಹೇಳಿಬಿಟ್ಟನಲ್ಲ! "ಹೂಂ ಅಪ್ಪಾ" ಎಂದಷ್ಟೇ ಅಂದಳು.

ರೊಟ್ಟಿ ಗಂಟನ್ನು ಯಾರೂ ಬಿಚ್ಚಲಿಲ್ಲ. ಬಟ್ಟೆ ಬದಲಿಸಿ ಮನೆಗೆ ಹೊರಟರು. ಗಂಗಾದೇವಿ ಹರಿದ ದಾರಕ್ಕೆ ಗಂಟು ಹಾಕಿ ಲಿಂಗವನ್ನು ಮತ್ತೆ ಕೊರಳಿಗೆ ಹಾಕಿಕೊಂಡಿದ್ದಳು. ಟ್ಯಾಕ್ಸಿ ಸಿಗುವುದು ರಸ್ತೆಯ ಆಚೆ. ಗಾಡಿಗಳು ಬರ್ರನೆ ಹೋಗುತ್ತಿದ್ದವು. ಅವಳು ಮಗಳತ್ತ ಕೈ ಚಾಚಿದಳು.

"ಕೈ ಕೊಡ ಸಮು."

ಸಮೃದ್ಧಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮುನಿಸೂ ಇರಲಿಲ್ಲ.

"ಬ್ಯಾಡ ಅವ್ವಾ. ನೀ ಲಿಂಗಾ ಹಿಡ್ಕೊ, ಮತ್ತ ಬಿದ್ದೀತು. ನಾ ಪಪ್ಪಾನ ಕೈ ಹಿಡ್ಕೋತೀನಿ."

"ನೋಡ, ನಿನಗಿಂತ ಎಷ್ಟ ಶಾಣ್ಯಾಕಿ!" ಎಂದು ಪ್ರಸಾದ ನಕ್ಕು, ಮಗಳ ಕೈ ಹಿಡಿದು ರಸ್ತೆಗೆ ಇಳಿದ. ಅವರಿಬ್ಬರೂ ಆಚೆ ಮುಟ್ಟಿ, ಅವನು ಹಿಂದಿರುಗಿ ನೋಡಿ "ಲಗೂನ ಬಾ ಗಂಗಾ, ಯಾಕ ಅಲ್ಲೇ ನಿಂತಿ?" ಎಂದು ಕೂಗುವವರೆಗೂ ಅವಳು ಈಚೆಯೇ ನಿಂತಿದ್ದಳು.