ಅಟ್ಟಣೆಯ ಮೇಲಿನ ಮೊಬೈಲುಗಳು

ಮಲಗಲು ಹಲಗೆ, ಅಡುಗೆಗೆ ಸ್ಟವ್ ಇಟ್ಟುಕೊಂಡ ನನ್ನ ಹಳೆಯ ವ್ಯಾನು ಅಂತರಸಂತೆ ತಲುಪುವಷ್ಟರಲ್ಲಿ ಮೊಬೈಲಿನಲ್ಲಿ ಸಿಗ್ನಲ್ ಸತ್ತುಹೋಗಿತ್ತು. ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಟೀ ಅಂಗಡಿಯವನು ರಾಗಿ ಹೊಲದ ಕಡೆ ಕೈ ತೋರಿಸಿದ. ಕಾಡುಪ್ರಾಣಿಗಳಿಂದ ಬೆಳೆ ಕಾಯಲು ಅಲ್ಲೊಂದು ಮರದ ಮೇಲೆ ಅಟ್ಟಣೆ ಕಟ್ಟಿದ್ದರು.

ಹತ್ತಿ ನೋಡಿ ದಂಗಾದೆ. ಕೊಂಬೆಗೆ ಹೊಡೆದ ಮೊಳೆಗಳಲ್ಲಿ ಏಳೆಂಟು ಮೊಬೈಲುಗಳು ಪ್ಲಾಸ್ಟಿಕ್ ಚೀಲದೊಳಗೆ ತೂಗುತ್ತಿದ್ದವು! ಸುತ್ತಮುತ್ತ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆಯಂತೆ. ಹೊಲ ಕಾಯುವ ಕೆಂಪಮ್ಮ ಯಾರ ಫೋನು ಬಂದರೂ ಎತ್ತುತ್ತಾಳೆ, ಸುದ್ದಿಯನ್ನು ಅವರ ಮನೆಗೆ ಮುಟ್ಟಿಸುತ್ತಾಳೆ.

ನಾನು ಮನೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

"ನಿಮ್ದೂ ನೇತಾಕಿ ಓಗಿ ಸಾರ್, ನಾನಿಲ್ವಾ?" ಎಂದಳು ಕೆಂಪಮ್ಮ.

ಮನಸ್ಸಿಲ್ಲದ ಮನಸ್ಸಿನಿಂದ ನೇತುಹಾಕಿ, ವ್ಯಾನಿಗೆ ಬಂದು ಅನ್ನಕ್ಕಿಟ್ಟೆ. ಅದು ಬೇಯುವ ಮೊದಲೇ ಅವಳು ನನ್ನ ಫೋನು ಹಿಡಿದು ಓಡಿಬಂದಳು.

"ನಿಮ್ಮವ್ವಾರು ಮಾಡಿದ್ರು ಸಾರ್. ನಿಮ್ಮಪ್ಪಾರ್ನ ಆಸ್ಪತ್ರೆಗೆ ಸೇರ್ಸಿ ಮೂರು ದಿನ ಆಯ್ತಂತೆ. ನಾಳೆ ಆಪರೇಸನ್. ಅತ್ಕೊಂಡು ಎಲ್ಲಾ ಏಳುದ್ರು. ಆಮೇಲೆ, ನನ್ ಮಗಂಗೆ ಮಾತ್ರ ಏಳ್ಬೇಡ ಅಂದ್ರು."

ನಿನ್ನೆ ಹುಣಸೂರಿನಲ್ಲಿ ಸಿಗ್ನಲ್ ಚೆನ್ನಾಗಿತ್ತು. ಅಪ್ಪ ವಾಕಿಂಗ್ ಹೋಗಿದ್ದಾರೆ ಎಂದು ಅಮ್ಮ ಸಲೀಸಾಗಿ ಹೇಳಿದ್ದಳು. ಮುಖವನ್ನೇ ನೋಡಿರದ ಈ ಹೆಂಗಸಿಗೆ ಹೇಳಿಕೊಂಡಿದ್ದನ್ನು ನನಗೇಕೆ ಹೇಳಲಿಲ್ಲ?

"ಬೇಡ ಅಂದರೂ ಹೇಳಿಬಿಟ್ಟೆಯಲ್ಲಮ್ಮ" ಎಂದೆ.

"ಅಟ್ಟಣೆಗ್ ಬಂದ ಸುದ್ದೀನ ನಾನು ಬಚ್ಚಿಡಾಕಿಲ್ಲ ಕಣ್ರೀ. ನಿಮ್ ಮಗ ಆಗ್ಲೇ ಒಂಟವ್ರೆ ಅಂತ ಅವ್ವಾರಿಗೂ ಏಳ್ಬುಟ್ಟೆ."

ನಾನಿನ್ನೂ ಸ್ಟವ್ ಆರಿಸಿರಲಿಲ್ಲ.