ಸೊಸೆಯ ಆಂಪ್ಲಿಯಿಂದ ತೆಗೆದ ಎರಡು ವಾಲ್ವ್

ನನ್ನ ಸೊಸೆಯ ಗಿಟಾರ್ ಆಂಪ್ಲಿಫೈಯರಿನಿಂದ ಅವಳಿಗೆ ಹೇಳದೆ, ಸದ್ದು ಎತ್ತುವ ಎರಡು ಗಾಜಿನ ವಾಲ್ವ್ ತೆಗೆದು, ಆ ಜಾಗದಲ್ಲಿ ನನ್ನ ಹಳೆಯ ಡಬ್ಬದ ಎರಡು ವಾಲ್ವ್ ಹಾಕಿದವನು ನಾನು. ಅದರಿಂದ ಅವಳಿಗೆ ಒಂದು ಹಾಡು ಕೈತಪ್ಪಿತು. ಇನ್ನೊಂದು ತಪ್ಪುವುದರಲ್ಲಿತ್ತು. ಮನೆಯವರಿಗೆ ಇದು ಗೊತ್ತಿದೆ. ಆದರೂ ಬಾಯಲ್ಲಿ ಒಮ್ಮೆ ಹೇಳಿದ್ದು ಸಾಲದು ಎನ್ನಿಸಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ದೊಡ್ಡಬಳ್ಳಾಪುರದಲ್ಲಿ ನನ್ನದು ರೇಡಿಯೊ ರಿಪೇರಿ ಅಂಗಡಿ, ಜೊತೆಗೆ ಮೈಕ್ ಸೆಟ್ ಬಾಡಿಗೆ. ನಲವತ್ತು ವರ್ಷ ಮದುವೆ, ನಾಮಕರಣ, ಭಾಷಣ ಎಲ್ಲಕ್ಕೂ ಹಾರ್ನ್ ಕಟ್ಟಿದ್ದೇನೆ. ಶಿವಗಂಗೆಯ ಜಾತ್ರೆಯ ದಿನ ತಪ್ಪಲಲ್ಲಿ ನನ್ನ ಮೈಕಿನಲ್ಲಿ ತಪ್ಪಿಸಿಕೊಂಡವರ ಹೆಸರು ಕೂಗಿದರೆ ಬೆಟ್ಟದ ಮೆಟ್ಟಿಲ ಮೇಲಿದ್ದವರಿಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೈಕ್ ಸೆಟ್ಟಿನವನಿಗೆ ಇರುವುದು ಒಂದೇ ನೇಮ: ಸದ್ದು ಒಡೆಯಬಾರದು. ಒಡೆದರೆ ಸೆಟ್ ಕೆಟ್ಟಿದೆ ಎಂದು ಅರ್ಥ, ಇಲ್ಲವೇ ಸೆಟ್ಟಿನವನು ಕೆಟ್ಟವನು ಎಂದು ಅರ್ಥ. ಈ ಕೆಲಸದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ತಾಲ್ಲೂಕಿನಲ್ಲಿ ಇರಲಿಲ್ಲ. ತಪ್ಪೊಪ್ಪಿಗೆ ಬರೆಯುವಾಗಲೂ ಈ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಸೊಸೆ ದೇವನಹಳ್ಳಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹಣೆಗೆ ಚಿಕ್ಕ ಬೊಟ್ಟು, ಸ್ಕೂಟರಿನಲ್ಲಿ ಟಿಫನ್ ಬುತ್ತಿ. ಅವಳು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆಂದು ಮದುವೆಗೆ ಮೊದಲೇ ಹೇಳಿದ್ದರು. ನಾನು ಮೆದುವಾದ ಹಾಡುಗಳೆಂದುಕೊಂಡಿದ್ದೆ. ಅವಳದು ಸಿಡಿಲಿನಂಥ ಸಂಗೀತ. ಅವಳೂ ಕಾಲೇಜಿನಲ್ಲಿ ಜೊತೆಗಿದ್ದ ಮೂವರು ಗೆಳತಿಯರೂ ಸೇರಿ ಒಂದು ಬ್ಯಾಂಡ್ ಇಟ್ಟುಕೊಂಡಿದ್ದರು. ಅವರವರ ಮನೆಯಲ್ಲಿ ಅವರವರ ಭಾಗ ರೆಕಾರ್ಡ್ ಮಾಡಿ ಕಳಿಸಿದರೆ, ನೆಲಮಂಗಲದಲ್ಲಿ ಡ್ರಮ್ ಬಾರಿಸುವವಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದಳು.

“ಮಾವ, ಬೆಂಗಳೂರಿಗೆ ಒಂದ್ಸಲ ಬರ್ತೀರಾ? ಸೆಕೆಂಡ್ ಹ್ಯಾಂಡ್ ಆಂಪ್ಲಿ ನೋಡ್ಬೇಕು. ವಾಲ್ವ್ ಇರೋದು,” ಎಂದು ಅವಳು ಕೇಳಿದ ದಿನ ನನಗೆ ತೀರಿಹೋದ ನೆಂಟರು ಬಾಗಿಲಿಗೆ ಬಂದಷ್ಟು ಆಶ್ಚರ್ಯವಾಯಿತು. ಟ್ರಾನ್ಸಿಸ್ಟರ್ ಬಂದು ವಾಲ್ವ್‌ಗಳು ಮೂಲೆ ಸೇರಿದ್ದವು, ನಾನು ವಾಲ್ವ್ ರೇಡಿಯೊ ಮುಟ್ಟಿ ಎಷ್ಟೋ ವರ್ಷವಾಗಿತ್ತು.

ಮಾರುವವರ ಮನೆಯಲ್ಲಿ ಎರಡಿದ್ದವು, ಒಂದು ನೂರು ವ್ಯಾಟಿನದು, ಇನ್ನೊಂದು ಇಪ್ಪತ್ತರದು. ಅವಳ ಕಣ್ಣು ದೊಡ್ಡದರ ಮೇಲಿತ್ತು. ನಾನು ಎರಡರ ಹಿಂಬದಿ ಬಿಚ್ಚಿಸಿ, ಟ್ರಾನ್ಸ್‌ಫಾರ್ಮರಿಗೆ ಮೂಗಿಟ್ಟು ಸುಟ್ಟ ವಾಸನೆ ಇದೆಯೇ ನೋಡಿದೆ. ಆನ್ ಮಾಡಿಸಿ ಪೆನ್ಸಿಲಿನಿಂದ ಒಂದೊಂದು ವಾಲ್ವನ್ನೂ ಮೆಲ್ಲಗೆ ತಟ್ಟಿದೆ. ದೊಡ್ಡದರಲ್ಲಿ ಒಂದು ವಾಲ್ವ್ ಗಂಟೆಯಂತೆ ಕಿಣಿ ಎಂದಿತು, ಒಳಗೆ ಸಡಿಲವಾಗಿದೆ ಎಂಬುದರ ಗುರುತು ಅದು. ಚಿಕ್ಕದು ಸುಮ್ಮನಿತ್ತು.

“ನೂರು ವ್ಯಾಟು ಕಲ್ಯಾಣ ಮಂಟಪಕ್ಕೆ ಸರಿ ಕಣಮ್ಮ,” ಎಂದೆ. “ವಾಲ್ವ್‌ಗೆ ಮೈ ತುಂಬ ಕೆಲಸ ಕೊಟ್ರೇನೇ ಅದು ಬಾಯ್ಬಿಡೋದು. ಇದನ್ನ ಮನೇಲಿ ಅಷ್ಟು ಜೋರು ಇಟ್ರೆ ಹೆಂಚು ಉದುರ್ತವೆ.”

“ಚಿಕ್ಕದ್ರಲ್ಲಿ ಸದ್ದು ಒಡೆಯೋಷ್ಟು ಗೇನ್ ಸಾಲುತ್ತಾ ಮಾವ?”

“ಸಾಲದೆ ಏನು, ನಾಲ್ಕು ವಾಲ್ವ್ ಸಾಲಾಗಿ ನಿಂತವೆ. ಒಂದರ ಹೆಗಲ ಮೇಲೆ ಇನ್ನೊಂದು ಏರ್ಕೊಂಡು ಕೂಗ್ತವೆ.”

ಚಿಕ್ಕದೇ ಮನೆಗೆ ಬಂತು. ಅದೇ ಸರಿಯಾದದ್ದೆಂದು ಅವಳು ಈಗಲೂ ಒಪ್ಪುತ್ತಾಳೆ.

ಅದನ್ನು ಇಟ್ಟದ್ದು ಹಿಂದಿನ ಮಗ್ಗದ ಕೋಣೆಯಲ್ಲಿ. ನನ್ನ ತಂದೆ ಗುಂಡಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೇಯುವವರು ಕಾಲು ಇಳಿಬಿಟ್ಟು ಕೂರುವ ಸೊಂಟದಾಳದ ಗುಂಡಿ ಅದು. ಮಗ್ಗ ಹೋಗಿ ಹಲಗೆ ಮುಚ್ಚಿತ್ತು. ನಾನು ಹಲಗೆ ತೆಗೆದು, ಸ್ಪೀಕರ್ ಪೆಟ್ಟಿಗೆಯನ್ನು ಗುಂಡಿಯೊಳಗೆ ಇಳಿಸಿ, ಎದುರಿಗೆ ಮೈಕ್ ನಿಲ್ಲಿಸಿ, ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಹಳೆಯ ಕೌದಿ ಹಾಸಿದೆ. ಸದ್ದು ನೆಲಕ್ಕೆ ಹೋಯಿತು. ಬೀದಿಗೆ ಹೋಗುತ್ತಿದ್ದದ್ದರಲ್ಲಿ ಕಾಲು ಭಾಗವೂ ಉಳಿಯಲಿಲ್ಲ.

ನಮ್ಮ ಬೀದಿಯಲ್ಲಿ ಹಗಲೂ ರಾತ್ರಿ ಪವರ್‌ಲೂಮ್ ಸದ್ದು. ಅದು ಮೈಕಿನೊಳಗೆ ನುಗ್ಗುತ್ತಿತ್ತು. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಆದರೆ ಆಂಪ್ಲಿಯೂ ನಿಲ್ಲುತ್ತದೆ. ಹಾಗಾಗಿ ಉಳಿದದ್ದು ಅಮಾವಾಸ್ಯೆ. ಅಂದು ನಮ್ಮ ಬೀದಿಯಲ್ಲಿ ಮಗ್ಗಕ್ಕೆ ಪೂಜೆ, ಕೆಲಸಕ್ಕೆ ರಜೆ. ಉಳಿದ ದಿನ ಅವಳದು ಅಭ್ಯಾಸ, ಅಮಾವಾಸ್ಯೆಯಂದು ಶಾಲೆಗೆ ರಜೆ ಹಾಕಿ ರೆಕಾರ್ಡಿಂಗ್. ಬೇರೆಯವರು ಅಮಾವಾಸ್ಯೆಗೆ ಹೊಸ ಕೆಲಸ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಪಂಚಾಂಗ ನೋಡುತ್ತಿದ್ದದ್ದೇ ಅಮಾವಾಸ್ಯೆಗಾಗಿ.

ಅವಳಿಂದ ನಾನು ಕಲಿತದ್ದೂ ಉಂಟು. ಗೇನ್ ಗುಂಡಿಯನ್ನು ತುದಿಯವರೆಗೆ ತಿರುಗಿಸಿದರೆ ಕೋಣೆಯಲ್ಲಿ ಭರ್ಜರಿ ಎನ್ನಿಸುತ್ತದೆ, ರೆಕಾರ್ಡಿನಲ್ಲಿ ಎಲ್ಲ ಕಲಸಿದ ಅನ್ನ. ಅವಳು ಅರ್ಧಕ್ಕಿಂತ ಚೂರು ಮೇಲೆ ನಿಲ್ಲಿಸುತ್ತಿದ್ದಳು. ಬಾಸ್ ಕಡಿಮೆ ಮಾಡಿ, ನಡುವಿನ ಸ್ವರವನ್ನು ಹಾಗೇ ಬಿಡುತ್ತಿದ್ದಳು. ಆಮೇಲೆ ಅದೇ ಭಾಗವನ್ನು ಇನ್ನೊಮ್ಮೆ, ಕೂದಲೆಳೆ ತಪ್ಪದೆ ನುಡಿಸಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಇಡುತ್ತಿದ್ದಳು. ಎರಡು ಸಲ ಒಂದೇ ಥರ ನುಡಿಸಬೇಕಾದರೆ ಕೈ ಎಷ್ಟು ಗಟ್ಟಿಯಿರಬೇಕೆಂದು ನನಗೆ ಗೊತ್ತಾಗುತ್ತಿತ್ತು. ಗೊತ್ತಿದ್ದೂ ನಾನು ಆ ಕೆಲಸ ಮಾಡಿದೆ.

ಅವಳಿಗೆ ಏಳು ತಿಂಗಳು ತುಂಬಿತ್ತು. ಹೊಟ್ಟೆಯ ಮೇಲೆ ಗಿಟಾರ್ ಒರಗಿಸಿಕೊಂಡು ನುಡಿಸುತ್ತಿದ್ದಳು. ಒಂದು ಅಮಾವಾಸ್ಯೆಯ ದಿನ ಕೌದಿ ಸರಿದು ಸದ್ದು ಹೊರಗೆ ಬಂದಿತ್ತು. ಎದುರು ಮನೆಯ ಮಗ್ಗದ ಯಜಮಾನ, ನನ್ನ ಶಾಲೆಯ ಜೊತೆಗಾರ, ಜಗುಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಕೂಗಿದ:

“ಏನ್ ಗುರು, ಊರಿನ್ ಸೆಟ್ಟೆಲ್ಲ ರಿಪೇರಿ ಮಾಡ್ದೋನ ಮನೇಲೇ ಸೆಟ್ ಒಡೆದ್ಹೋಗೈತಾ?”

“ಅದು ಹಂಗೇ ಕಣೋ ಬರ್ಬೇಕಾದ್ದು,” ಎಂದೆ.

“ಹಂಗೇ ಬರ್ಬೇಕಾ! ಹಂಗಾದ್ರೆ ನಮ್ಮ ಮೊಮ್ಮಗಳ ಮದ್ವೇಗೂ ಹಿಂಗೇ ಕಟ್ಬಿಡ್ತೀಯೇನಪ್ಪಾ? ವಾಲಗದೋರು ಓಡೋಗ್ತಾರೆ ಕಣ್ಲಾ!”

ನಾಲ್ವರೂ ನಕ್ಕರು. ನಾನೂ ನಕ್ಕೆ. ಒಳಗೆ ಹತ್ತಿಕೊಂಡಿತು.

ಆ ವಾರವೇ ಅವಳು ಬಾಣಂತನಕ್ಕೆಂದು ತವರು ಬೂದಿಗೆರೆಗೆ ಹೋದಳು. ನಾನು ಆಂಪ್ಲಿಯ ಹಿಂಬದಿ ತೆಗೆದೆ. ಸಾಲಿನ ಮೊದಲ ಎರಡು ವಾಲ್ವ್‌ಗಳ ತವರದ ಮುಚ್ಚಳ ಬಿಚ್ಚಿ, ಅವನ್ನು ಕಿತ್ತು, ನನ್ನ ಬಿಸ್ಕತ್ತಿನ ಡಬ್ಬದಲ್ಲಿದ್ದ ಬೇರೆ ಜಾತಿಯ ಎರಡನ್ನು ಕೂರಿಸಿದೆ. ನೋಡುವುದಕ್ಕೆ ಎರಡೂ ಒಂದೇ, ಒಂಬತ್ತೇ ಪಿನ್ನು. ಅವಳವು ಸದ್ದನ್ನು ನೂರು ಪಟ್ಟು ಎತ್ತಬಲ್ಲವು. ನನ್ನವು ಇಪ್ಪತ್ತು ಪಟ್ಟು ಎತ್ತಿದರೆ ಹೆಚ್ಚು. ಮುಚ್ಚಳ ಮತ್ತೆ ಹಾಕಿದೆ. ಇನ್ನು ಗೇನ್ ಗುಂಡಿ ಎಷ್ಟು ತಿರುಗಿಸಿದರೂ ಅದು ಮರ್ಯಾದಸ್ಥರ ಹಾಗೆ ಮಾತನಾಡುವುದು. ಆಂಪ್ಲಿಯ ಆಯುಷ್ಯ ಹೆಚ್ಚಲಿ ಎಂದು ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಜಗುಲಿಯ ಮೇಲಿನ ನಗುವಿಗೆ ಹೆದರಿ ಮಾಡಿದೆ.

ಐದು ತಿಂಗಳಿಗೆ ಅವಳು ಮಗಳನ್ನು ಎತ್ತಿಕೊಂಡು ಬಂದಳು. ಬ್ಯಾಂಡಿನವರು ಎರಡು ಹಾಡು ಸಿದ್ಧ ಮಾಡಿ ಇವಳ ಗಿಟಾರಿಗಾಗಿ ಕಾಯುತ್ತಿದ್ದರು. ಎರಡು ಅಮಾವಾಸ್ಯೆಯೊಳಗೆ ಕೊಡುತ್ತೇನೆಂದು ಅವಳು ಮಾತು ಕೊಟ್ಟಳು. ಮಗು ಮಗ್ಗದ ಸದ್ದಿನಲ್ಲಿ ನಿದ್ದೆ ಹೋಗುವುದನ್ನು ಎರಡೇ ದಿನಕ್ಕೆ ಕಲಿಯಿತು. ಮೂರನೆಯ ದಿನ ಅವಳು ಗಿಟಾರ್ ಹಿಡಿದಳು.

ಸದ್ದು ಏಳಲಿಲ್ಲ. ಗೇನ್ ಏರಿಸಿದಳು. ತಂತಿ ಬದಲಿಸಿದಳು, ಕೇಬಲ್ ಬದಲಿಸಿದಳು. ಮುಂಚೆ ಒಮ್ಮೆ ಮೀಟಿದರೆ ನಿಂತು ಮೊಳಗುತ್ತಿದ್ದ ಸ್ವರ ಈಗ ಮೀಟಿದ ಕೂಡಲೇ ಸಾಯುತ್ತಿತ್ತು. ಒಂದು ವಾರ ಹೆಣಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಎದುರು ಬಂದು ಕೂತಳು.

“ಮಾವ, ಆಂಪ್ಲಿ ಒಂದ್ಸಲ ನೋಡ್ತೀರಾ?”

“ನೋಡ್ದೆ ಕಣಮ್ಮ. ಸರಿಯಾಗೇ ಐತೆ.”

“ಹಾಗಾದ್ರೆ ನನ್ನ ಕೈನೇ. ಐದು ತಿಂಗ್ಳು ತಂತಿ ಮುಟ್ಟಿಲ್ಲ. ನಿಮ್ಮ ಕಿವಿ ಸುಳ್ಳು ಹೇಳಲ್ಲ. ನಿಜ ಹೇಳಿ ಮಾವ, ಕೈ ಹೋಗಿದ್ಯಾ?”

ನಾನು ಹೇಳಿದೆ: “ಬಾಣಂತಿ ಮೈ ಅಲ್ವೇನಮ್ಮ, ಸ್ವಲ್ಪ ಹಂಗಾಗುತ್ತೆ. ಅಭ್ಯಾಸ ಮಾಡು.”

ವಾಲ್ವ್ ಬದಲಿಸಿದ್ದು ತಪ್ಪು. ಈ ಮಾತು ಪಾಪ. ಅವಳ ಕೈಗೆ ಏನೂ ಆಗಿಲ್ಲವೆಂದು ತಿಳಿದಿದ್ದವನು ಭೂಮಿಯ ಮೇಲೆ ನಾನೊಬ್ಬನೇ.

ಅವಳು ನಂಬಿದಳು. ಶಾಲೆಯಿಂದ ಬಂದು, ಮಗುವಿಗೆ ಹಾಲು ಕೊಟ್ಟು, ಕತ್ತಲಾಗುವವರೆಗೆ ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸುತ್ತಿದ್ದಳು. ಬೆರಳ ತುದಿ ಒಡೆದು ಸಾರಿನ ಉಪ್ಪು ತಾಗಿದರೆ ಕೈ ಕೊಡವುತ್ತಿದ್ದಳು. ಮೊದಲ ಅಮಾವಾಸ್ಯೆ ಬಂತು. ಬೀದಿ ಸುಮ್ಮನಾಯಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ನುಡಿಸಿ, ಕೇಳಿ, ಅಳಿಸಿ, ಕೊನೆಗೆ ನೆಲಮಂಗಲಕ್ಕೆ ಫೋನ್ ಮಾಡಿದಳು.

“ಮೊದ್ಲನೇ ಹಾಡು ಬೇರೆ ಯಾರ ಹತ್ರ ಆದ್ರೂ ನುಡಿಸ್ಬಿಡ್ರೇ. ನನ್ನಿಂದ ಆಗ್ತಿಲ್ಲ. ಇನ್ನೊಂದಕ್ಕೆ ಮುಂದಿನ ಅಮಾವಾಸ್ಯೆವರೆಗೂ ನೋಡ್ತೀನಿ. ಅದೂ ಆಗ್ಲಿಲ್ಲ ಅಂದ್ರೆ ನಾನು ಬ್ಯಾಂಡ್ ಬಿಡ್ತೀನಿ ಕಣೇ.”

ಆ ಹಾಡು ಅವಳೇ ಕಟ್ಟಿದ್ದು. ನಾನು ಅಂಗಳದಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಹೇಡಿ ಮಾಡುವುದನ್ನೇ ಮಾಡಿದೆ. ಎರಡನೆಯ ಅಮಾವಾಸ್ಯೆಯ ಹಿಂದಿನ ದಿನ, ಅವಳು ಶಾಲೆಗೆ ಹೋಗಿದ್ದಾಗ, ಅವಳ ವಾಲ್ವ್‌ಗಳನ್ನು ಸದ್ದಿಲ್ಲದೆ ಮತ್ತೆ ಕೂರಿಸಿದೆ. ಇನ್ನು ಯಾರಿಗೂ ಏನೂ ತಿಳಿಯುವುದಿಲ್ಲ, ಮುಗಿಯಿತು ಎಂದುಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಅವಳು ಸ್ವಿಚ್ ಹಾಕಿ, ವಾಲ್ವ್ ಕಾಯುವವರೆಗೆ ಕೂತು, ಒಂದು ಸಲ ಮೀಟಿದಳು. ಗೋಡೆಯ ಗೂಡಿನ ಲೋಟ ಗಡಗಡ ಎಂದಿತು. ಅವಳು ಕೋಣೆಯಿಂದ ಓಡಿ ಬಂದಳು.

“ಮಾವ! ಕೈ ಬಂತು ಮಾವ! ಅಭ್ಯಾಸ ಮಾಡು ಅಂದ್ರಲ್ಲ, ಬಂತು!” ಎಂದವಳೇ ಬಗ್ಗಿ ನನ್ನ ಕಾಲು ಮುಟ್ಟಿದಳು. ಆ ಬೆರಳುಗಳ ತುದಿ ನನ್ನ ಪಾದಕ್ಕೆ ಒರಟಾಗಿ ತಾಗಿತು.

ಅಲ್ಲಿಗೆ ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದು, ನನ್ನ ಎರಡು ವಾಲ್ವ್ ಅವಳ ಅಂಗೈಯಲ್ಲಿಟ್ಟೆ.

“ನಿನ್ ಕೈ ಎಲ್ಲೂ ಹೋಗಿರ್ಲಿಲ್ಲಮ್ಮ. ನೀನು ಬಾಣಂತನಕ್ಕೆ ಹೋದಾಗ ನಾನು ಇವನ್ನ ಹಾಕಿದ್ದೆ. ನೆನ್ನೆ ತೆಗೆದೆ. ಜನ ನಗ್ತಾರೆ ಅಂತ ಮಾಡ್ದೆ.”

ಅವಳು ವಾಲ್ವ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಲೆಕ್ಕ ಹಾಕುತ್ತಿದ್ದಾಳೆಂದು ತಿಳಿಯಿತು, ಯಾವ ದಿನ, ಯಾವ ಮಾತು ಎಂದು.

“ನಾನು ಕೇಳ್ದಾಗ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು.”

“ಮೊದ್ಲನೇ ಹಾಡು ಕೊಟ್ಬಿಟ್ನಲ್ಲ, ಆಗ?”

“ಆಗ್ಲೂ ಗೊತ್ತಿತ್ತು ಕಣಮ್ಮ.”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ತಲೆ ಚಚ್ಚಿಕೊಂಡಳು. ಸೊಸೆ, ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ, “ಕಿವಿಗೆ ಹತ್ತಿ ಇಟ್ಕೊಳಿ. ಗುಂಡಿಗೆ ಇಳೀರಿ. ಮೈಕ್ ಜಾಗ ನೀವೇ ಹುಡುಕ್ಬೇಕು. ನಾಳೆ ಮಗ್ಗ ಶುರುವಾಗುತ್ತೆ,” ಎಂದಳು.

ಇಳಿದೆ. ನನ್ನ ತಂದೆ ಕಾಲಾಡಿಸಿದ ಜಾಗದಲ್ಲಿ, ಸ್ಪೀಕರ್ ಪೆಟ್ಟಿಗೆಯ ಪಕ್ಕ ಮೊಣಕಾಲು ಮಡಚಿ ಕೂತೆ. ಮೇಲೆ ಅವಳು ಹೆಡ್‌ಫೋನ್ ಹಾಕಿಕೊಂಡು ನುಡಿಸಿದಳು. ಹತ್ತಿ ಇದ್ದರೂ ಸದ್ದು ಎದೆಯ ಗೂಡಿಗೇ ಬಂತು. ನಲವತ್ತು ವರ್ಷ ನಾನು ಒಡಕು ಎಂದು ಓಡಿಸಿದ ಸದ್ದು. ಒಡಕಿನ ಸೆಟ್ಟಿನಲ್ಲಿ ಮಾತು ಕೆಡುತ್ತದೆ. ಇದರಲ್ಲಿ ಒಂದೊಂದು ಮೀಟೂ ನೇಯ್ಗೆಯ ಎಳೆಯಂತೆ ಬಿಡಿಸಿ ಕೇಳುತ್ತಿತ್ತು, ತಂತಿಯನ್ನು ಅಂಗೈ ಒತ್ತಿದ್ದು, ಬಿಟ್ಟದ್ದು ಎಲ್ಲ. ಕಿವಿ ಇದ್ದವನು ಮೊದಲ ದಿನವೇ ಇದನ್ನು ಕೇಳಬೇಕಿತ್ತು.

“ನಡುವಿಗೆ ತೀರಾ ಚುಚ್ತಿದೆ,” ಎಂದಳು ಮೇಲಿನಿಂದ.

ಮೈಕನ್ನು ಸ್ಪೀಕರಿನ ನಡುವಿನ ಗುಬುಟಿನಿಂದ ಒಂದು ಬೆರಳು ಹೊರಗೆ ಸರಿಸಿದೆ.

“ಈಗ ಮಂಕು.”

ಅರ್ಧ ಬೆರಳು ಒಳಗೆ.

“ಅಲ್ಲೇ. ಅಲ್ಲಾಡ್ಬೇಡಿ.”

ಸೀಮೆಸುಣ್ಣದಿಂದ ಗುರುತು ಹಾಕಿದೆ. ಅವಳು ಗೇನನ್ನು ಇನ್ನೂ ಚೂರು ಇಳಿಸಿ, ಮಧ್ಯಾಹ್ನದೊಳಗೆ ಎಡದ್ದು ಬಲದ್ದು ಎರಡನ್ನೂ ಮುಗಿಸಿದಳು. ಸತ್ತ ಸದ್ದಿನ ಮೇಲೆ ಎರಡು ತಿಂಗಳು ತಿಕ್ಕಿದ ಕೈ, ಒಂದೂ ಎಡವಲಿಲ್ಲ. ಅದನ್ನು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ. ನನ್ನ ತಪ್ಪಿನಿಂದ ಅವಳಿಗೆ ಒಳ್ಳೆಯದಾಯಿತು ಎಂದು ಹೇಳುವ ಹಕ್ಕು ನನಗಿಲ್ಲ.

ಅವಳು ಬ್ಯಾಂಡ್ ಬಿಡಲಿಲ್ಲ. ಮೊದಲ ಹಾಡು ಬೇರೆಯವರ ಗಿಟಾರಿನಲ್ಲೇ ಹೊರಬಂತು. ಅದನ್ನು ಅವಳು ಮನೆಯಲ್ಲಿ ಹಾಕುವುದಿಲ್ಲ. ನಾನು ಒಬ್ಬನೇ ಇದ್ದಾಗ ಹಾಕಿಕೊಂಡು ಕೇಳುತ್ತೇನೆ. ಆ ಎರಡು ವಾಲ್ವ್ ಅವಳ ಕೋಣೆಯ ಗೂಡಿನಲ್ಲಿವೆ. ನಾನು ಅವಳು ನುಡಿಸುವುದರ ಬಗ್ಗೆ ಏನಾದರೂ ಹೇಳಹೋದರೆ ಅತ್ತ ಬೆರಳು ತೋರಿಸಿ, “ಕೈಯಾ, ವಾಲ್ವಾ? ಮೊದ್ಲು ಅದ್ಹೇಳಿ ಮಾವ,” ಎನ್ನುತ್ತಾಳೆ. ಈಚೆಗೆ ಹಾಗೆ ಕೇಳುವಾಗ ಸ್ವಲ್ಪ ನಗುತ್ತಾಳೆ.

ಮೊನ್ನೆ ಅವಳು ನುಡಿಸುತ್ತಿದ್ದಾಗ ಎದುರು ಮನೆಯವನು ಮತ್ತೆ ಜಗುಲಿಯಿಂದ ಕೂಗಿದ: “ಏನ್ ಗುರು, ಇನ್ನೂ ರಿಪೇರಿ ಆಗಿಲ್ವಾ?”

“ಕೆಡಿಸಿದ್ದೆ ಕಣೋ, ನಾನೇ. ರಿಪೇರಿ ಆದ್ಮೇಲೆ ಹಿಂಗ್ ಕೇಳ್ತಿರೋದು,” ಎಂದೆ, ಬೀದಿಗೆಲ್ಲ ಕೇಳುವ ಹಾಗೆ. “ಒಳಗ್ ಬಾ, ಕೌದಿ ತೆಗೀತೀನಿ.”